ಸೂಜಿ ಚುಚ್ಚಿಸ್ಕೊಂಡ್ರೆ ಹಳೇ ನೋವು ಹೋಗುತ್ತಾ?

ಪ್ರಶ್ನೆ: ನಂಗೆ 46 ವರ್ಷ. ಎರಡು ವರ್ಷದಿಂದ ಬಲಗಡೆ ಕುತ್ತಿಗೆಯಿಂದ ಭುಜದ ಹಿಂದಿನವರೆಗೂ ಸೆಳೆತ, ಒತ್ತಿ ನೋಡಿದ್ರೆ ಗಂಟು ಥರ ಸಿಗುತ್ತೆ. ಮಾತ್ರೆ ನುಂಗಿದ್ರೆ ಎರಡು ದಿನ ಆರಾಮ, ಆಮೇಲೆ ಮತ್ತೆ ಶುರು. ಫಿಸಿಯೋ ಡ್ರೈ ನೀಡ್ಲಿಂಗ್ ಮಾಡಿಸ್ಕೊಳ್ಳಿ ಅಂತಿದ್ದಾರೆ. ಇದೂ ಅಕ್ಯುಪಂಕ್ಚರ್ರೇನಾ? ಸೂಜಿ ಅಂದ್ರೆ ನಂಗೆ ತುಂಬಾ ಭಯ.

ಉತ್ತರ: ಸೂಜಿ ಅದೇ ಥರದ್ದು, ಲೆಕ್ಕಾಚಾರ ಬೇರೆ. ಇಲ್ಲಿ ಬೆರಳಲ್ಲಿ ತಡವಿ ಬಿಗಿಯಾಗಿರೋ ಎಳೆ ಹುಡುಕಿ ಅದಕ್ಕೇ ಚುಚ್ತಾರೆ, ಔಷಧಿ ಏನೂ ಹಾಕಲ್ಲ, ಅದಕ್ಕೇ 'ಡ್ರೈ'. ಸೂಜಿ ದಪ್ಪ ಸುಮಾರು 0.3 ಮಿಲಿಮೀಟರ್, ಇಂಜೆಕ್ಷನ್ ಸೂಜಿಗಿಂತ ಎಷ್ಟೋ ಸಣ್ಣದು. ಚರ್ಮ ದಾಟೋದು ಗೊತ್ತೇ ಆಗಲ್ಲ, ಆದ್ರೆ ಗಂಟಿಗೆ ತಾಗಿದಾಗ ಸ್ನಾಯು ಪಟ್ ಅಂತ ಒಂದ್ಸಲ ಎಗರುತ್ತೆ, ಒಳಗೆ ಯಾರೋ ಹಿಂಡಿದ ಹಾಗಾಗುತ್ತೆ, ಹೆದರ್ಬೇಡಿ, ಎಷ್ಟೋ ಜನಕ್ಕೆ ಅದಾದ ಮೇಲೇ ಬಿಗಿ ಸಡಿಲ ಆಗೋದು. ಒಂದೆರಡು ದಿನ ಮೈಕೈ ನೋವಿನ ಥರ ಇರುತ್ತೆ.

ಗಂಟು ಯಾಕೆ ಬಂತು ಅನ್ನೋದೂ ಮುಖ್ಯ. 1970ರ ದಶಕದಲ್ಲಿ ಕೆನಡಾದ ಡಾಕ್ಟರ್ ಚಾನ್ ಗನ್ ಹೇಳಿದ್ದು ಏನಂದ್ರೆ, ಬೆನ್ನುಮೂಳೆ ಹತ್ರ ನರದ ಬುಡಕ್ಕೆ ತೊಂದ್ರೆ ಆದ್ರೆ ಆ ನರ ಹೋಗೋ ಸ್ನಾಯುಗಳೆಲ್ಲ ಅತಿಸೂಕ್ಷ್ಮ ಆಗಿ ಕುಗ್ಗಿಕೊಳ್ತವೆ ಅಂತ, ಅದಕ್ಕೇ ಅವರ ಪದ್ಧತೀಲಿ ನೋವಿರೋ ಜಾಗದ ಜೊತೆ ಬೆನ್ನುಮೂಳೆ ಪಕ್ಕಾನೂ ಚುಚ್ತಾರೆ. ಈ ವಾದ ಪೂರ್ತಿ ಸಾಬೀತಾಗಿಲ್ಲ. ಸೂಜಿಯಿಂದ ಕೆಲವು ವಾರ ನೋವು ಇಳಿಯೋದಕ್ಕೆ ಆಧಾರ ಇದೆ, ವರ್ಷಗಟ್ಟಲೆ ಹಾಗೇ ಇರುತ್ತೆ ಅನ್ನೋದಕ್ಕೆ ಅಷ್ಟಿಲ್ಲ. ಹಾಗಾಗಿ ನೋವು ಇಳಿದಿರೋವಾಗ್ಲೇ ಕುತ್ತಿಗೆ, ಭುಜದ ವ್ಯಾಯಾಮ ಶುರು ಮಾಡ್ಬೇಕು, ಸುಮ್ನೆ ಮಲಗಿ ಚುಚ್ಚಿಸ್ಕೊಂಡು ಎದ್ದು ಬಂದ್ರೆ ಗಂಟು ವಾಪಸ್ ಬರುತ್ತೆ.

ನಿಮ್ಮ ನೋವಿರೋ ಜಾಗದ ಕೆಳಗೇ ಶ್ವಾಸಕೋಶ ಇದೆ, ದಯವಿಟ್ಟು ತರಬೇತಿ ಇರೋರ ಹತ್ರಾನೇ ಹೋಗಿ, ಪ್ರತಿಸಲ ಹೊಸ ಸೂಜಿ ಪ್ಯಾಕೆಟ್ ನಿಮ್ಮ ಮುಂದೇನೇ ಒಡೀಲಿ. ಮನೆಗೆ ಬಂದ ಮೇಲೆ ಉಸಿರಾಟ ಕಷ್ಟ ಆದ್ರೆ, ಎದೆ ಚುಚ್ಚಿದ ಹಾಗಾದ್ರೆ ತಕ್ಷಣ ಎಮರ್ಜೆನ್ಸಿಗೆ ಹೋಗಿ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಮೊದ್ಲೇ ಹೇಳಿ. ಕೈ ಜೋಮು ಹಿಡಿಯೋದು, ಹಿಡಿದ ವಸ್ತು ಜಾರೋದು ಇದ್ರೆ ಸೂಜಿಗಿಂತ ಮೊದ್ಲು ಡಾಕ್ಟರಿಗೆ ತೋರಿಸಿ.

ಭಯ ಇದೆ ಅಂತ ಫಿಸಿಯೋಗೆ ಬಾಯಿಬಿಟ್ಟು ಹೇಳಿ, ಕೂತಲ್ಲ, ಮಲಗೇ ಮಾಡಿಸ್ಕೊಳ್ಳಿ, ತಲೆ ಸುತ್ತಿದ್ರೂ ಬೀಳಲ್ಲ. ಮೊದಲ ದಿನ ಒಂದೆರಡು ಸೂಜಿ ಸಾಕು. ಮೂರ್ನಾಲ್ಕು ಸಲ ಆದ್ರೂ ಕುತ್ತಿಗೆ ತಿರುಗಿಸೋದ್ರಲ್ಲಿ ಏನೂ ವ್ಯತ್ಯಾಸ ಕಾಣ್ಲಿಲ್ಲ ಅಂದ್ರೆ ನಿಲ್ಲಿಸಿಬಿಡಿ.