ಎಡಗೈ ಬ್ಯಾಟರ್ ಹುಡುಗನಲ್ಲಿ ಸ್ಕೌಟ್ ಏನನ್ನು ನೋಡುತ್ತಾನೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಅಕ್ಕನ ಮಗನಿಗೆ 16 ವರ್ಷ. ಅಮೆರಿಕದಲ್ಲಿ ಹೈಸ್ಕೂಲ್ ತಂಡಕ್ಕೆ ಬೇಸ್‌ಬಾಲ್ ಆಡುತ್ತಾನೆ, ಎಡಗೈ ಬ್ಯಾಟರ್. ಈ ಸೀಸನ್‌ನಲ್ಲಿ ಬ್ಯಾಟಿಂಗ್ ಸರಾಸರಿ .400 ದಾಟಿದೆ, ಅಂದರೆ ಹತ್ತಕ್ಕೆ ನಾಲ್ಕು ಸಲ ಹಿಟ್ (ಹೊಡೆದು ಬೇಸ್ ತಲುಪುವುದು). ಆದರೆ ಅವನ ಆಟ ನೋಡಿ ಹೋದ ಸ್ಕೌಟ್ (ತಂಡಗಳಿಗೆ ಹೊಸ ಆಟಗಾರರನ್ನು ಹುಡುಕುವವರು) ಒಬ್ಬರು ವರದಿಯಲ್ಲಿ "ಹಿಟ್ 25/50, ಪವರ್ 30/55" ಅಂತ ಬರೆದಿದ್ದಾರಂತೆ. ಮನೆಯಲ್ಲಿ ಎಲ್ಲರಿಗೂ ಬೇಜಾರು. 25 ಅಂದ್ರೆ ಫೇಲ್ ಅಲ್ವಾ? ಅವರು ನೋಡುವುದಾದರೂ ಏನನ್ನು?

ಉತ್ತರ: ಮೊದಲು ಮನೆಯವರಿಗೆ ಸಮಾಧಾನ ಹೇಳಿ. ಅದು ನೂರಕ್ಕೆ ಕೊಟ್ಟ ಅಂಕ ಅಲ್ಲವೇ ಅಲ್ಲ. ಸ್ಕೌಟ್‌ಗಳ ಅಳತೆ 20ಕ್ಕೆ ಶುರುವಾಗಿ 80ಕ್ಕೆ ಮುಗಿಯುತ್ತದೆ. 50 ಅಂದರೆ ಮೇಜರ್ ಲೀಗ್‌ನ, ಅಂದರೆ ಅತಿ ಮೇಲಿನ ವೃತ್ತಿಪರ ಮಟ್ಟದ, ಸಾಧಾರಣ ಆಟಗಾರ. ಹೈಸ್ಕೂಲ್ ಲೆಕ್ಕ ಅಲ್ಲ, ಕಾಲೇಜಿನದ್ದೂ ಅಲ್ಲ. ಮೊದಲ ಅಂಕಿ ಇವತ್ತಿನದು, ಅಂದರೆ ಹುಡುಗನನ್ನು ಇವತ್ತೇ ತಗೊಂಡು ಹೋಗಿ ಮೇಜರ್ ಲೀಗ್ ಪಿಚರ್ (ಚೆಂಡು ಎಸೆಯುವವನು) ಎದುರು ನಿಲ್ಲಿಸಿದರೆ ಏನಾಗುತ್ತದೆ ಅಂತ. 16ರ ಹುಡುಗನಿಗೆ ಅಲ್ಲಿ 25 ಸಿಗದೆ ಇನ್ನೆಷ್ಟು ಸಿಗಬೇಕು? ಎರಡನೆಯ ಅಂಕಿ ಮುಂದೆ ಎಲ್ಲಿಗೆ ಮುಟ್ಟಬಹುದು ಅನ್ನುವ ಅಂದಾಜು. ಈ ವಯಸ್ಸಿಗೆ ಯಾರಾದರೂ ಅಲ್ಲಿ 50, 55 ಬರೆದರೆ ಅದು ಹೊಗಳಿಕೆ. ಸಿಹಿ ಹಂಚಬಹುದಾದಷ್ಟು ಹೊಗಳಿಕೆ ಅಂತ ನನ್ನ ಅನಿಸಿಕೆ.

.400 ಸರಾಸರಿಗೆ ಸ್ಕೌಟ್ ಯಾಕೆ ಮರುಳಾಗಲಿಲ್ಲ ಅಂದರೆ, ಹೈಸ್ಕೂಲ್ ಮಟ್ಟದಲ್ಲಿ ಎದುರಾಳಿ ಒಂದೇ ಥರ ಇರುವುದಿಲ್ಲ. ಒಂದು ದಿನ ಗಂಟೆಗೆ 75 ಮೈಲಿ ಎಸೆಯುವವನು ಸಿಗುತ್ತಾನೆ, ಮುಂದಿನ ವಾರ 90 ಮುಟ್ಟಿಸುವವನು. ಮೊದಲಿನವನಿಗೆ ನಾಲ್ಕು ಹಿಟ್ ಹೊಡೆದು ಎರಡನೆಯವನಿಗೆ ಮೂರು ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಔಟ್) ಆದರೂ ಸರಾಸರಿ ಚೆಂದವೇ ಕಾಣುತ್ತದೆ. ಸ್ಕೌಟ್‌ಗೆ ಬೇಕಿರುವುದು ಎರಡನೆಯ ದಿನದ ಕಥೆ. ಆ ದಿನ ಹಿಟ್ ಬಂತೋ ಇಲ್ಲವೋ ಅನ್ನುವುದಲ್ಲ, ಯಾವ ಪಿಚ್‌ಗೆ (ಎಸೆತಕ್ಕೆ) ಬ್ಯಾಟ್ ಬೀಸಿದ, ಯಾವುದನ್ನು ಬಿಟ್ಟ ಅನ್ನುವುದು. 95 ಮೈಲಿ ವೇಗದ ಫಾಸ್ಟ್‌ಬಾಲ್ ಪಿಚರ್ ಕೈಯಿಂದ ಬ್ಯಾಟರ್ ಮುಂದಿನ ಪ್ಲೇಟ್‌ಗೆ ಬರಲು ಹೆಚ್ಚುಕಡಿಮೆ 0.4 ಸೆಕೆಂಡ್ ಸಾಕು. ನೋಡುವುದು, ತೀರ್ಮಾನ ಮಾಡುವುದು, ಬೀಸುವುದು ಎಲ್ಲ ಅಷ್ಟರಲ್ಲೇ ಮುಗಿಯಬೇಕು. ಹಾಗಾಗಿ ತೀರ್ಮಾನ ಕೆಟ್ಟದಾಗಿರುವ ಹುಡುಗನ ಸ್ವಿಂಗ್ ಎಷ್ಟೇ ಸುಂದರವಾಗಿದ್ದರೂ ಮೇಲಿನ ಮಟ್ಟದಲ್ಲಿ ಅದು ಗಾಳಿ ಬೀಸುವ ಕೆಲಸ ಅಷ್ಟೇ.

ಎಡಗೈ ಬ್ಯಾಟರ್‌ಗೆ ಹೆಚ್ಚಾಗಿ ಎದುರಾಗುವುದು ಬಲಗೈ ಪಿಚರ್‌ಗಳು. ಅವರ ಸ್ಲೈಡರ್ (ಪಕ್ಕಕ್ಕೆ ತಿರುಗುವ ಎಸೆತ) ಬ್ಯಾಟರ್ ಕಡೆಗೇ, ಹಿಂಗಾಲಿನ ಹತ್ತಿರಕ್ಕೆ ನುಗ್ಗುತ್ತದೆ. ಕಟರ್ (ವೇಗವಾಗಿ ಬಂದು ಕೊನೆಗೆ ಸ್ವಲ್ಪ ತಿರುಗುವ ಎಸೆತ) ಆದರೆ ಬ್ಯಾಟಿನ ಹಿಡಿಗೆ ಬಂದು ಬಡಿಯುತ್ತದೆ. ಚೇಂಜ್‌ಅಪ್ ಫಾಸ್ಟ್‌ಬಾಲ್ ಥರವೇ ಹೊರಟು, ತಡವಾಗಿ ಬಂದು, ಹೊರಗಡೆಗೆ ಜಾರಿಕೊಳ್ಳುತ್ತದೆ. ಎಷ್ಟೋ ಹುಡುಗರು ಸಿಕ್ಕಿಬೀಳುವುದು ಈ ಚೇಂಜ್‌ಅಪ್‌ಗೇ. ಮುಂಚೆಯೇ ಬೀಸಿಬಿಡುತ್ತಾರೆ, ಮಣಿಕಟ್ಟು ಮಗುಚಿಕೊಳ್ಳುತ್ತದೆ, ಚೆಂಡು ಸೆಕೆಂಡ್ ಬೇಸ್‌ಮನ್ ಕಡೆಗೆ ಸುಮ್ನೆ ಉರುಳುತ್ತದೆ. ಇದು ಒಂದು ಸಲ ಆದರೆ ಪರವಾಗಿಲ್ಲ, ಪಂದ್ಯಕ್ಕೆ ಎರಡೆರಡು ಸಲ ಆಗುತ್ತಿದ್ದರೆ ಸ್ಕೌಟ್ ಅದನ್ನೇ ಬರೆದುಕೊಳ್ಳುತ್ತಾನೆ. 2023ರಿಂದ ಮೇಜರ್ ಲೀಗ್‌ನಲ್ಲಿ ಸೆಕೆಂಡ್ ಬೇಸ್‌ನ ಎರಡೂ ಬದಿಗೆ ಇಬ್ಬಿಬ್ಬರು ಇನ್‌ಫೀಲ್ಡರ್‌ಗಳು ಇರಲೇಬೇಕು ಅನ್ನುವ ನಿಯಮ ಬಂದಿದೆ. ಮೊದಲಿನ ಹಾಗೆ ಬಲಬದಿಗೆ ಮೂವರನ್ನು ತುಂಬುವ ಹಾಗಿಲ್ಲ. ಎಡಗೈಯವರಿಗೆ ಇದರಿಂದ ಲಾಭ ಆಗಿದೆ ನಿಜ. ಆದರೆ ಜೋರಾಗಿ ಹೊಡೆದ ಚೆಂಡಿಗೆ ಮಾತ್ರ. ಉರುಳುವ ಚೆಂಡು ಆಗಲೂ ಔಟ್, ಈಗಲೂ ಔಟ್.

ಇನ್ನು ಮೈಕಟ್ಟು. ಭುಜ ಅಗಲವಾಗಿದೆಯಾ, ಇನ್ನೂ ತೂಕ ಹೊರುವ ಜಾಗ ಇದೆಯಾ ಅಂತ ನೋಡುತ್ತಾರೆ. 16ಕ್ಕೇ ಗಡ್ಡ ಮೀಸೆ ಬಂದು ದೊಡ್ಡವನಾಗಿ ಬೆಳೆದವನು ಇವತ್ತು ದೂರ ಹೊಡೆಯುತ್ತಾನೆ, ಮೂರು ವರ್ಷದ ಮೇಲೆ ಉಳಿದವರು ಅವನನ್ನು ಹಿಂದೆ ಹಾಕಬಹುದು. ನಿಮ್ಮ ಹುಡುಗನಿಗೆ ಪವರ್ 30ರಿಂದ 55 ಅಂತ ಬರೆದಿದ್ದಾರೆ ಅಂದರೆ, ಸ್ಕೌಟ್‌ಗೆ ಅವನ ಮೈಯಲ್ಲಿ ಇನ್ನೂ ಬೆಳೆಯುವ ಜಾಗ ಕಂಡಿದೆ ಅಂತ ಅರ್ಥ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಸಲದ ಭೇಟಿಯಲ್ಲಿ ಗೊತ್ತಾಗುವುದೇ ಇಲ್ಲ. ಒಳ್ಳೆಯ ಸ್ಕೌಟ್ ಮತ್ತೆ ಬರುತ್ತಾನೆ. ಮಾರ್ಚ್‌ನಲ್ಲಿ ಯಾವ ಪಿಚ್‌ಗೆ ಮೂರ್ಖನಾಗಿದ್ದನೋ ಮೇ ತಿಂಗಳಲ್ಲಿ ಅದನ್ನು ಬಿಟ್ಟು ನಿಂತನಾ? ಬಿಟ್ಟಿದ್ದರೆ ಅದು ಎರಡು ಹೋಮ್ ರನ್‌ಗಿಂತ ದೊಡ್ಡ ಸುದ್ದಿ. ಇವತ್ತಿನ ಆಟಕ್ಕಿಂತ, ಹೋದ ಸಲಕ್ಕೂ ಈ ಸಲಕ್ಕೂ ನಡುವೆ ಏನು ಬದಲಾಯಿತು ಅನ್ನುವುದರ ಮೇಲೆ ಆ ಎರಡನೆಯ ಅಂಕಿ ನಿಂತಿರುತ್ತದೆ. ಅದಕ್ಕೇ ಮುಂದಿನ ವರದಿ ಬಂದಾಗ 50 ಹೋಗಿ 55 ಆಯಿತಾ ಅಂತ ನೋಡುವ ಮೊದಲು 25 ಹೋಗಿ 30 ಆಯಿತಾ ನೋಡಿ.

ಅವಸರವೂ ಬೇಡ. ಡ್ರಾಫ್ಟ್‌ನಲ್ಲಿ (ಮೇಜರ್ ಲೀಗ್ ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸುವುದು) ಈಗ 20 ಸುತ್ತು ಮಾತ್ರ (2019ರವರೆಗೆ 40 ಇತ್ತು), ಆದ್ದರಿಂದ ಹೈಸ್ಕೂಲ್‌ನಿಂದ ನೇರ ಹೋಗುವವರು ಕಡಿಮೆ. ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಮೂರನೇ ವರ್ಷ ಮುಗಿದ ಮೇಲೆ ಅಥವಾ 21 ತುಂಬಿದ ಮೇಲೆ ಮತ್ತೆ ಅವಕಾಶ ಬರುತ್ತದೆ.

ಪ್ರಶ್ನೆ: ನನ್ನ ಮಗನೂ ಎಡಗೈ ಬ್ಯಾಟರ್, ಬಲಗೈ ಪಿಚರ್‌ಗಳನ್ನು ಚೆನ್ನಾಗಿ ಬಾರಿಸುತ್ತಾನೆ. ಎಡಗೈ ಪಿಚರ್ ಬಂದರೆ ಹೆದರಿ ಹಿಂದೆ ಸರಿಯುತ್ತಾನೆ. ಕೋಚ್ ಆ ದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಬಲಗಡೆಯಿಂದಲೂ ಬ್ಯಾಟ್ ಮಾಡಲು ಕಲಿಸಿಬಿಡಲಾ?

ಉತ್ತರ: ಬೇಡ, ಕನಿಷ್ಠ ಈ ಕಾರಣಕ್ಕಂತೂ ಬೇಡ.

ಎಡಗೈ ಪಿಚರ್‌ನ ಚೆಂಡು ಎಡಗೈ ಬ್ಯಾಟರ್‌ಗೆ ಬೆನ್ನ ಹಿಂದಿನಿಂದ ಬಂದ ಹಾಗೆ ಕಾಣುತ್ತದೆ. ಭುಜಕ್ಕೇ ಬಡಿಯುತ್ತದೆ ಅನ್ನಿಸುವ ಸ್ಲೈಡರ್ ಕೊನೆಗೆ ಪ್ಲೇಟಿನ ಆಚೆ ಬದಿಗೆ ಹೋಗಿಬಿಡುತ್ತದೆ. ಹೆದರಿಕೆ ಸಹಜ. ಜೊತೆಗೆ ಎಡಗೈ ಪಿಚರ್‌ಗಳು ಸಂಖ್ಯೆಯಲ್ಲೇ ಕಡಿಮೆ. ಬಲಗೈ ಬ್ಯಾಟರ್ ಚಿಕ್ಕಂದಿನಿಂದ ಬಲಗೈ ಪಿಚರ್‌ಗಳನ್ನೇ ನೋಡಿ ನೋಡಿ ಪಳಗಿರುತ್ತಾನೆ, ನಿಮ್ಮ ಮಗನಿಗೆ ಆ ಅಭ್ಯಾಸ ಸಿಗುವುದೇ ಅಪರೂಪ. ಸಿಗುವ ನಾಲ್ಕು ಅವಕಾಶದಲ್ಲೂ ಬೆಂಚಿನಲ್ಲಿ ಕೂರಿಸಿದರೆ ಕಲಿಯುವುದು ಯಾವಾಗ? ಕೋಚ್‌ಗೆ ಪಂದ್ಯ ಗೆಲ್ಲಬೇಕು, ಅವರ ಕಷ್ಟ ಅವರಿಗೆ. ಆದರೆ ಸುಮ್ನೆ ಹೋಗಿ ಕೇಳಿ ನೋಡಿ: ಅಭ್ಯಾಸ ಪಂದ್ಯಗಳಲ್ಲಾದರೂ ಎಡಗೈಯವರ ಎದುರು ನಿಲ್ಲಿಸುತ್ತೀರಾ ಅಂತ. ತಂಡದಲ್ಲೇ ಒಬ್ಬ ಎಡಗೈ ಪಿಚರ್ ಇದ್ದರೆ ಅವನು ಎಸೆಯುವಾಗ ಬ್ಯಾಟ್ ಬೀಸದೆ, ಬರೀ ನಿಂತು ಚೆಂಡು ನೋಡುವುದು ಕೂಡ ಒಳ್ಳೆಯ ಅಭ್ಯಾಸ.

ಸ್ಕೌಟ್ ಇಲ್ಲಿ ಹಿಟ್ ಲೆಕ್ಕ ಹಾಕುವುದಿಲ್ಲ. ಮುಂದಿನ ಭುಜ, ಅಂದರೆ ಬಲಭುಜ, ಬೇಗ ತೆರೆದುಕೊಳ್ಳುತ್ತಾ? ಸೊಂಟ ಫರ್ಸ್ಟ್ ಬೇಸ್ ಕಡೆಗೆ ಓಡಿಹೋಗುತ್ತಾ? ಚೆಂಡನ್ನು ಸೆಂಟರ್‌ಗೋ ಲೆಫ್ಟ್ ಫೀಲ್ಡ್‌ಗೋ ತಳ್ಳುವ ಧೈರ್ಯ ಇದೆಯಾ? ಮೇಜರ್ ಲೀಗ್‌ನ ಎಡಗೈ ಬ್ಯಾಟರ್ ಟೋನಿ ಗ್ವಿನ್ ಥರ್ಡ್ ಬೇಸ್‌ಮನ್ ಮತ್ತು ಶಾರ್ಟ್‌ಸ್ಟಾಪ್ ನಡುವಿನ ಸಂದಿಗೆ ಚೆಂಡು ತೂರಿಸಿ ತೂರಿಸಿಯೇ 3,141 ಹಿಟ್ ಗಳಿಸಿದರು, 8 ಸಲ ಬ್ಯಾಟಿಂಗ್ ಕಿರೀಟ (ಲೀಗ್‌ನಲ್ಲೇ ಅತಿ ಹೆಚ್ಚಿನ ಸರಾಸರಿ) ಗೆದ್ದರು. ಅಷ್ಟು ಚಾಕಚಕ್ಯತೆ ಯಾರಿಗೂ ಸುಲಭಕ್ಕೆ ಬರುವುದಿಲ್ಲ, ಆದರೆ ದಿಕ್ಕು ಅದೇ.

ಎರಡೂ ಕಡೆಯಿಂದ ಆಡುವ ವಿಷಯಕ್ಕೆ ಬಂದರೆ ಸೆಡ್ರಿಕ್ ಮಲಿನ್ಸ್ ಕಥೆ ಕೇಳಿ. ಬಾಲ್ಟಿಮೋರ್ ಓರಿಯೋಲ್ಸ್ ತಂಡದಲ್ಲಿ ಎರಡೂ ಕಡೆ ಬ್ಯಾಟ್ ಮಾಡುತ್ತಿದ್ದರು. 2021ಕ್ಕೆ ಬಲಗಡೆಯ ಆಟ ಬಿಟ್ಟು, ಎಡಗೈ ಪಿಚರ್‌ಗಳಿಗೂ ಎಡಗಡೆಯಿಂದಲೇ ಆಡಲು ನಿರ್ಧರಿಸಿದರು. ಅದೇ ವರ್ಷ 30 ಹೋಮ್ ರನ್, 30 ಸ್ಟೀಲ್ (ಪಿಚರ್ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದು). ಆ ತಂಡದ ಇತಿಹಾಸದಲ್ಲೇ ಒಂದೇ ಸೀಸನ್‌ನಲ್ಲಿ ಎರಡನ್ನೂ ಮುಟ್ಟಿದ ಮೊದಲಿಗ. ಎರಡು ಸ್ವಿಂಗ್ ಸಾಕುವುದು ಅಂದರೆ ಅಭ್ಯಾಸದ ಹೊತ್ತನ್ನು ಎರಡು ಪಾಲು ಮಾಡಿದ ಹಾಗೆ. ಒಂಬತ್ತು ಹತ್ತು ವರ್ಷದ ಹುಡುಗ ಆಟಕ್ಕೆ ಅಂತ ಮಾಡಿದರೆ ಮಾಡಲಿ ಬಿಡಿ. ಹೈಸ್ಕೂಲ್‌ನಲ್ಲಿ ಹೆದರಿಕೆಗೆ ಮದ್ದು ಅಂತ ಶುರು ಮಾಡಬೇಡಿ.

ಪ್ರಶ್ನೆ: ಶೋಕೇಸ್‌ನಲ್ಲಿ (ಸ್ಕೌಟ್‌ಗಳ ಎದುರು ಆಟ ತೋರಿಸುವ ಶಿಬಿರ) ಟೀ ಅನ್ನುವ ಕಂಬದ ಮೇಲಿಟ್ಟ ಚೆಂಡನ್ನು ಮಗ 92 ಮೈಲಿ ವೇಗದಲ್ಲಿ ಹೊಡೆದ. ಮೇಜರ್ ಲೀಗ್‌ನಲ್ಲಿ 95 ದಾಟಿದರೆ ಜೋರಾದ ಹೊಡೆತ ಅಂತಾರೆ. ಅಂದರೆ ಹತ್ತಿರ ಬಂದ ಹಾಗಾಯಿತಾ?

ಉತ್ತರ: ಸಂತೋಷ ಪಡಿ, ಆದರೆ ಎರಡನ್ನೂ ಪಕ್ಕ ಪಕ್ಕ ಇಡಬೇಡಿ. ಆ 95ರ ಲೆಕ್ಕ ಪಂದ್ಯದಲ್ಲಿ, ಮರದ ಬ್ಯಾಟ್‌ನಲ್ಲಿ, ಎಲ್ಲಿಗೆ ಬರುತ್ತದೆ ಅಂತ ಗೊತ್ತಿಲ್ಲದ ಚೆಂಡಿಗೆ ಹೊಡೆದಿದ್ದು. ಟೀ ಮೇಲಿನ ಚೆಂಡು ಅಲ್ಲಾಡುವುದಿಲ್ಲ. ಅದು ಮೈಯಲ್ಲಿ ಎಷ್ಟು ಶಕ್ತಿ ಇದೆ ಅಂತ ಹೇಳುತ್ತದೆ, ಪಂದ್ಯದಲ್ಲಿ ಅದು ಹೊರಗೆ ಬರುತ್ತಾ ಅಂತ ಹೇಳುವುದಿಲ್ಲ. ಬ್ಯಾಟ್ ಯಾವುದಿತ್ತು ಅಂತಲೂ ಕೇಳಿಕೊಳ್ಳಿ. ಲೋಹದ ಬ್ಯಾಟ್‌ನಲ್ಲಿ ಹಿಡಿಯ ಹತ್ತಿರ ತಾಗಿದರೂ ಚೆಂಡು ಒಂದಿಷ್ಟು ಹಾರುತ್ತದೆ, ಮರದ್ದಾದರೆ ಬ್ಯಾಟೇ ಮುರಿಯುತ್ತದೆ. ಬೇಸಿಗೆಯಲ್ಲಿ ಮರದ ಬ್ಯಾಟ್‌ನ ಟೂರ್ನಮೆಂಟ್ ಇದ್ದರೆ ಆಡಿಸಿ. ಕಾಲೇಜು ಹುಡುಗರ ಕೇಪ್ ಕಾಡ್ ಲೀಗ್‌ಗೆ ಸ್ಕೌಟ್‌ಗಳು ಮುಗಿಬೀಳುವುದಕ್ಕೆ ಅಲ್ಲಿ ಮರದ ಬ್ಯಾಟ್ ಇರುವುದೂ ಒಂದು ಕಾರಣ.

ಪ್ರಶ್ನೆ: ಸ್ಟ್ಯಾಂಡ್‌ನಲ್ಲಿ ಕೂತು ನಾನೇ ಸ್ಕೌಟ್ ಥರ ಟಿಪ್ಪಣಿ ಮಾಡಿಕೊಳ್ಳಬೇಕು ಅಂತ ಆಸೆ. ಎಲ್ಲಿ ಕೂರಲಿ? ಏನು ಬರೆಯಲಿ?

ಉತ್ತರ: ಎಡಗೈ ಬ್ಯಾಟರ್ ಆದರೆ ಥರ್ಡ್ ಬೇಸ್ ಬದಿಯಲ್ಲಿ ಕೂತುಕೊಳ್ಳಿ. ಅವನ ಎದೆ ಆ ಕಡೆಗೆ ಇರುತ್ತದೆ. ಕೈ ಎಲ್ಲಿಂದ ಹೊರಡುತ್ತದೆ, ಸೊಂಟ ಯಾವಾಗ ತಿರುಗುತ್ತದೆ ಎಲ್ಲ ಚೆನ್ನಾಗಿ ಕಾಣುತ್ತದೆ. ಫರ್ಸ್ಟ್ ಬೇಸ್ ಕಡೆ ಕೂತರೆ ಬರೀ ಬೆನ್ನು. ಒಂದೆರಡು ಇನಿಂಗ್ಸ್ ಪ್ಲೇಟಿನ ಹಿಂದೆ ನಿಂತು ಪಿಚ್ ಎಲ್ಲಿಗೆ ಬಂತು ಅಂತಲೂ ನೋಡಿ.

ಬರೆಯುವಾಗ ಹಿಟ್, ಔಟ್ ಅಂತ ಬರೆಯಬೇಡಿ, ಅದು ಸ್ಕೋರ್‌ಬುಕ್‌ನಲ್ಲಿ ಇರುತ್ತದೆ. ಪ್ರತಿ ಪಿಚ್‌ಗೆ ಒಂದು ಸಾಲು: ಕೌಂಟ್ (ಆವರೆಗಿನ ಬಾಲ್, ಸ್ಟ್ರೈಕ್ ಲೆಕ್ಕ) ಎಷ್ಟಿತ್ತು, ಯಾವ ಪಿಚ್, ಬೀಸಿದನಾ ಬಿಟ್ಟನಾ, ಬೀಸಿದ್ದರೆ ಸಮಯಕ್ಕೆ ಸರಿಯಾಗಿತ್ತಾ ತಡವಾಯಿತಾ. ಎರಡು ಸ್ಟ್ರೈಕ್ ಆದ ಮೇಲೆ ಏನಾದರೂ ಬದಲಿಸುತ್ತಾನಾ ಅಂತ ವಿಶೇಷವಾಗಿ ಗಮನಿಸಿ. ಆಂಥೋನಿ ರಿಜ್ಜೋ ಮೇಜರ್ ಲೀಗ್‌ನಲ್ಲೂ ಎರಡು ಸ್ಟ್ರೈಕ್ ಆದರೆ ಬ್ಯಾಟನ್ನು ಮೇಲಕ್ಕೆ ಹಿಡಿದುಕೊಂಡು, ದೊಡ್ಡ ಹೊಡೆತದ ಆಸೆ ಬಿಟ್ಟು, ಚೆಂಡಿಗೆ ತಾಗಿಸಿದರೆ ಸಾಕು ಅಂತ ಆಡುತ್ತಿದ್ದರು. ಹುಡುಗರಲ್ಲಿ ಈ ಬುದ್ಧಿ ಕಂಡರೆ ಕೆಳಗೆ ಗೆರೆ ಎಳೆಯಿರಿ.

ಸ್ಟಾಪ್‌ವಾಚ್ ತಗೊಂಡು ಹೋಗಿ. ಬ್ಯಾಟ್ ಚೆಂಡಿಗೆ ತಾಗಿದ ಕ್ಷಣದಿಂದ ಕಾಲು ಫರ್ಸ್ಟ್ ಬೇಸ್ ಮುಟ್ಟುವವರೆಗೆ ಒತ್ತಿ. ಎಡಗೈಯವನಿಗೆ ಸುಮಾರು 4.2 ಸೆಕೆಂಡ್ ಆದರೆ ಸ್ಕೌಟ್ ಲೆಕ್ಕದಲ್ಲಿ 50, ಬಲಗೈಯವನಿಗೆ 4.3. ಕ್ರಿಕೆಟ್‌ನಲ್ಲಿ ಯಾವ ಕೈಯಲ್ಲಿ ಆಡಿದರೂ ಓಡುವ ದೂರ ಒಂದೇ. ಇಲ್ಲಿ ಎಡಗೈಯವನು ನಿಲ್ಲುವ ಜಾಗವೇ ಫರ್ಸ್ಟ್ ಬೇಸ್‌ಗೆ ಹತ್ತಿರ, ಮೇಲಾಗಿ ಸ್ವಿಂಗ್ ಅವನನ್ನು ಆ ದಿಕ್ಕಿಗೇ ತಿರುಗಿಸುತ್ತದೆ. ಒಂದು ಮೋಸ ಮಾತ್ರ ಗಮನದಲ್ಲಿರಲಿ. ಕೆಲವು ಹುಡುಗರು ಸ್ವಿಂಗ್ ಮುಗಿಯುವ ಮೊದಲೇ ಓಡಲು ಶುರು ಮಾಡುತ್ತಾರೆ. ಹಾಗೆ ಓಡುತ್ತಿದ್ದ ಜಪಾನಿನ ಆಟಗಾರ ಇಚಿರೋ ನೋಡಿ ಕಲಿತಿರುತ್ತಾರೆ! ಸಮಯ ಚೆನ್ನಾಗಿ ಬರುತ್ತದೆ, ಹೊಡೆತದಲ್ಲಿ ಜೀವ ಇರುವುದಿಲ್ಲ. ಅಂಥ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ನಾನು ಬೆಂಬಲಿಸುವ ತಂಡದ 20 ವರ್ಷದ ಎಡಗೈ ಹುಡುಗ ಡಬಲ್-ಎ ಮಟ್ಟದಲ್ಲಿ (ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗೆ) .230 ಹೊಡೆಯುತ್ತಿದ್ದಾನೆ. ಹೋದ ವರ್ಷ ಆಕಾಶಕ್ಕೇರಿಸಿದ್ದರು. ಮುಗೀತಾ ಅವನ ಕಥೆ?

ಉತ್ತರ: ಮುಗಿದಿಲ್ಲ. ಡಬಲ್-ಎ ಅಂದರೆ ಕೌಂಟ್‌ನಲ್ಲಿ ಹಿಂದೆ ಬಿದ್ದಾಗಲೂ ಬ್ರೇಕಿಂಗ್ ಬಾಲ್ (ತಿರುಗುವ ಎಸೆತ) ಎಸೆದು ಸ್ಟ್ರೈಕ್ ಪಡೆಯುವ ಪಿಚರ್‌ಗಳು ಸಿಗುವ ಜಾಗ. ಅವನ ಎದುರಿಗಿರುವವರಲ್ಲಿ ತುಂಬಾ ಜನ 23, 24ರವರು. ವಾಕ್ (ನಾಲ್ಕು ಕೆಟ್ಟ ಎಸೆತ ಬಿಟ್ಟು ಫರ್ಸ್ಟ್ ಬೇಸ್ ಪಡೆಯುವುದು) ಎಷ್ಟು, ಸ್ಟ್ರೈಕ್‌ಔಟ್ ಎಷ್ಟು, ತಿಂಗಳಿಂದ ತಿಂಗಳಿಗೆ ಏನಾಗುತ್ತಿದೆ ನೋಡಿ. ಸ್ಟ್ರೈಕ್‌ಔಟ್ ಏರುತ್ತಾ ವಾಕ್ ಇಳಿಯುತ್ತಾ ಹೋದರೆ ಚಿಂತೆ ಮಾಡಿ. ಎರಡೂ ಹಾಗೇ ಇದ್ದು ಸರಾಸರಿ ಮಾತ್ರ ಇಳಿದಿದ್ದರೆ ಕಾಯಿರಿ.

ಜಾಕ್ಸನ್ ಹಾಲಿಡೇ 2022ರ ಡ್ರಾಫ್ಟ್‌ನ ಮೊದಲ ಆಯ್ಕೆ. 2024ರ ಏಪ್ರಿಲ್‌ನಲ್ಲಿ, 20ರ ವಯಸ್ಸಿನಲ್ಲಿ ಮೇಜರ್ ಲೀಗ್‌ಗೆ ಬಂದು 34 ಅಟ್-ಬ್ಯಾಟ್‌ನಲ್ಲಿ ಬರೀ 2 ಹಿಟ್, 18 ಸ್ಟ್ರೈಕ್‌ಔಟ್. ವಾಪಸ್ ಕಳಿಸಿದರು. ಜುಲೈ 31ಕ್ಕೆ ಮತ್ತೆ ಕರೆಸಿದಾಗ ಹೊಡೆದ ಮೊದಲ ಹೋಮ್ ರನ್ನೇ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗಿನ ಹೋಮ್ ರನ್). ಮೇಲೆ ಹೇಳಿದ ರಿಜ್ಜೋ 2011ರಲ್ಲಿ ಸ್ಯಾನ್ ಡಿಯಾಗೋಗೆ ಆಡಿದಾಗ ಸರಾಸರಿ .141. ಐದು ವರ್ಷದ ಮೇಲೆ ಕಬ್ಸ್ ತಂಡದ ಜೊತೆ ವರ್ಲ್ಡ್ ಸೀರೀಸ್ ಗೆದ್ದರು. ಹುವಾನ್ ಸೋಟೊ ಥರ ಡಬಲ್-ಎಯಲ್ಲಿ 8 ಪಂದ್ಯ ಆಡಿ 19ಕ್ಕೇ ಮೇಲೆ ಹೋಗುವವರು ಇದ್ದಾರೆ, ಆದರೆ ಎಲ್ಲ ಎಡಗೈ ಹುಡುಗರಿಗೂ ಸೋಟೊ ಅಳತೆ ಇಟ್ಟರೆ ಯಾರೂ ಪಾಸಾಗುವುದಿಲ್ಲ.

ಪ್ರಶ್ನೆ: ಮಗಳ ತಂಡದ ಕೋಚ್ ಒಬ್ಬರು "ಎಡಗೈ ಬ್ಯಾಟರ್ ಸರಿ, ಎಸೆಯುವುದು ಯಾವ ಕೈ?" ಅಂತ ಎಲ್ಲರನ್ನೂ ಮೊದಲು ಕೇಳುತ್ತಾರೆ. ಅದು ಯಾಕೆ ಮುಖ್ಯ?

ಉತ್ತರ: ಫೀಲ್ಡಿಂಗ್ ಜಾಗಕ್ಕಾಗಿ. ಎಡಗೈಯಲ್ಲಿ ಎಸೆಯುವವರು ಶಾರ್ಟ್‌ಸ್ಟಾಪ್, ಸೆಕೆಂಡ್, ಥರ್ಡ್‌ನಲ್ಲಿ ನಿಂತರೆ ಫರ್ಸ್ಟ್ ಬೇಸ್‌ಗೆ ಎಸೆಯುವ ಮೊದಲು ಮೈ ಪೂರ್ತಿ ತಿರುಗಿಸಬೇಕು, ಅಷ್ಟರಲ್ಲಿ ಓಟಗಾರ ತಲುಪಿರುತ್ತಾನೆ. ಹಾಗಾಗಿ ಅವರಿಗೆ ಉಳಿಯುವುದು ಫರ್ಸ್ಟ್ ಬೇಸ್, ಔಟ್‌ಫೀಲ್ಡ್ ಅಥವಾ ಪಿಚಿಂಗ್. ಫರ್ಸ್ಟ್ ಬೇಸ್‌ನಲ್ಲಿ ನಿಲ್ಲುವವರಿಂದ ಬ್ಯಾಟಿಂಗ್ ಜಾಸ್ತಿ ಕೇಳುತ್ತಾರೆ. ಎಡಗೈಯಲ್ಲಿ ಬ್ಯಾಟ್, ಬಲಗೈಯಲ್ಲಿ ಎಸೆತ ಆದರೆ ಎಲ್ಲ ಜಾಗವೂ ತೆರೆದಿರುತ್ತದೆ. ಕೋರಿ ಸೀಗರ್ ಶಾರ್ಟ್‌ಸ್ಟಾಪ್ ಆಗಿದ್ದು, ಜೋ ಮಾವರ್ ಕ್ಯಾಚರ್ ಆಗಿದ್ದು ಹಾಗೇ. ಮಗಳು ಬಲಗೈಯಲ್ಲಿ ಎಸೆಯುತ್ತಿದ್ದರೆ ಯಾರೋ ಹೇಳಿದರು ಅಂತ ಬೇಗ ಔಟ್‌ಫೀಲ್ಡ್‌ಗೆ ಕಳಿಸಬೇಡಿ, ಇನ್‌ಫೀಲ್ಡ್‌ನಲ್ಲಿ ಆದಷ್ಟು ವರ್ಷ ಆಡಲಿ. ಅಲ್ಲಿಂದ ಔಟ್‌ಫೀಲ್ಡ್‌ಗೆ ಹೋಗುವುದು ಸುಲಭ, ವಾಪಸ್ ಬರುವುದು ಕಷ್ಟ.