ಭೂಗತ ಕಲ್ಲಿದ್ದಲು ಗಣಿಯ ನೀರು: ಪಂಪ್ ಇಟ್ಟು ಎತ್ತಿ ಹೊರಗೆ ಬಿಟ್ಟರೆ ಸಾಕಾ?

"ಗಣಿಯೊಳಗೆ ನೀರು ಬಂದರೆ ಪಂಪ್ ಇಟ್ಟು ಎತ್ತಿ ಹೊರಗೆ ಬಿಟ್ಟರೆ ಆಯ್ತಲ್ವಾ, ಅದರಲ್ಲಿ ನಿಭಾಯಿಸೋದು ಏನಿದೆ?" ಅಂತ ಕೇಳಿದ್ದೀರಿ. ನಾನು ರಾಯಚೂರು ಕಡೆಯವನು. ತೆಲಂಗಾಣದ ಗೋದಾವರಿ ಕಣಿವೆಯ ಒಂದು ಭೂಗತ ಗಣಿಯಲ್ಲಿ ಹದಿನಾಲ್ಕು ವರ್ಷ ಓವರ್‌ಮನ್, ಅಂದರೆ ಪಾಳಿಯ ಕೆಲಸ ನೋಡಿಕೊಳ್ಳುವ ಮೇಲ್ವಿಚಾರಕ, ಆಗಿದ್ದೆ. ಪಂಪ್ ಬೇಕೇ ಬೇಕು, ಸರಿ. ಆದರೆ ಅದು ಕೊನೆಯ ಕೆಲಸ. ಮೊದಲು ನೀರು ಒಳಗೆ ಇಳಿಯದ ಹಾಗೆ ನೋಡಿಕೊಳ್ಳಬೇಕು, ಇಳಿದದ್ದು ಎಲ್ಲಿ ನಿಂತಿದೆ ಅಂತ ಗೊತ್ತಿರಬೇಕು.

ಮಳೆ ನೀರು ಬಾಗಿಲಿನಿಂದ ಮಾತ್ರ ಬರುವುದಿಲ್ಲ. ಕಲ್ಲಿದ್ದಲು ತೆಗೆದು ಬಿಟ್ಟ ಖಾಲಿ ಜಾಗಕ್ಕೆ ನಾವು ಗೋಫ್ ಎನ್ನುತ್ತೇವೆ. ಅಲ್ಲಿ ಚಾವಣಿ ಕುಸಿದಾಗ ಮೇಲಿನ ನೆಲ ಕೂಡ ತಗ್ಗಿ ಬಿರುಕು ಬಿಡುತ್ತದೆ. ಹತ್ತಿ ಹೊಲದ ನಡುವೆ ಕೈ ತೂರುವಷ್ಟು ಅಗಲದ ಬಿರುಕು ನೋಡಿದ್ದೇನೆ. ಮಳೆಗಾಲಕ್ಕೆ ಮುಂಚೆ ಅದಕ್ಕೆ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ಬಡಿಯಬೇಕು, ಸುತ್ತ ಕಾಲುವೆ ತೋಡಿ ಹರಿಯುವ ನೀರನ್ನು ಬೇರೆ ಕಡೆ ತಿರುಗಿಸಬೇಕು. ಗಣಿಯ ಬಾಯಿ ಆ ಜಾಗದ ಅತಿ ಹೆಚ್ಚಿನ ಪ್ರವಾಹದ ಮಟ್ಟಕ್ಕಿಂತ ಕನಿಷ್ಠ 1.5 ಮೀಟರ್ ಮೇಲಿರಬೇಕು ಅನ್ನುವುದು ನಮ್ಮ ದೇಶದ ಗಣಿ ನಿಯಮ. ಮೇ ತಿಂಗಳಲ್ಲಿ ನಾಲ್ಕು ಟ್ರ್ಯಾಕ್ಟರ್ ಮಣ್ಣು ಹಾಕಿದರೆ ಜುಲೈಯಲ್ಲಿ ಎಷ್ಟೋ ಪಂಪಿಂಗ್ ಉಳಿಯುತ್ತದೆ.

ಒಳಗೆ ಬಂದ ನೀರು ಇಳಿಜಾರಿನ ಕಡೆಗೆ ಹೋಗುತ್ತದೆ, ಯಾಕೆಂದರೆ ಕಲ್ಲಿದ್ದಲಿನ ಪದರವೇ ವಾಲಿಕೊಂಡಿರುತ್ತದೆ. ಕೆಲಸ ನಡೆಯುವ ಜಾಗದಿಂದ ಸಣ್ಣ ಪಂಪ್‌ಗಳು ನೀರನ್ನು ಮುಖ್ಯ ಸಂಪ್‌ಗೆ ತಳ್ಳುತ್ತವೆ, ಅಲ್ಲಿಂದ ದೊಡ್ಡ ಪಂಪ್ ಮೇಲಕ್ಕೆ. ನಮ್ಮ ಮನೆಗಳ ಸಂಪ್ ಇದ್ದ ಹಾಗೇ, ಆದರೆ ಇದನ್ನು ಖಾಲಿ ಮಾಡುತ್ತಲೇ ಇರಬೇಕು. ಖರ್ಚು ಎಷ್ಟು ಗೊತ್ತಾ? ಸಾವಿರ ಲೀಟರ್ ನೀರನ್ನು 200 ಮೀಟರ್ ಎತ್ತಲು, ಪಂಪಿನ ನಷ್ಟ ಸೇರಿಸಿದರೆ, ಹತ್ತಿರ ಹತ್ತಿರ ಒಂದು ಯೂನಿಟ್ ಕರೆಂಟು ಬೇಕು. ನಿಮಿಷಕ್ಕೆ 3,000 ಲೀಟರ್‌ನಂತೆ ದಿನಕ್ಕೆ 20 ಗಂಟೆ ಎತ್ತಿದರೆ ಮೂರು ಸಾವಿರ ಯೂನಿಟ್ ದಾಟುತ್ತದೆ.

ಒಂದು ಜುಲೈ ರಾತ್ರಿ ಪಾಳಿ ನೆನಪಿದೆ. ಎರಡು ದಿನದಿಂದ ಮಳೆ ಹಿಡಿದಿತ್ತು. ಸಂಪ್ ಹತ್ತಿರ ಹೋದರೆ ಮೋಟಾರ್ ಸದ್ದು ಸರಿಯಾಗೇ ಇತ್ತು. ನನ್ನ ಜೊತೆಗಿದ್ದ ಹಿರಿಯ ಪಂಪ್ ಆಪರೇಟರ್ ಮಾತ್ರ ಮೇಲೆ ಹೋಗುವ ಪೈಪಿನ ಮೇಲೆ ಅಂಗೈ ಇಟ್ಟು ಸುಮ್ನೆ ನಿಂತರು. ನೀರು ಹೋಗುತ್ತಿದ್ದರೆ ಪೈಪ್ ತಣ್ಣಗೆ ಸಣ್ಣಗೆ ನಡುಗುತ್ತದೆ. ಅವತ್ತು ನಡುಕವೇ ಇರಲಿಲ್ಲ. ನೀರು ಹೀರುವ ಪೈಪಿನ ತುದಿಯ ಫುಟ್‌ವಾಲ್ವ್ ಜಾಲರಿಗೆ ಕಲ್ಲಿದ್ದಲಿನ ಕೆಸರು ಮೆತ್ತಿಕೊಂಡು ಪಂಪ್ ಬರಿದೇ ತಿರುಗುತ್ತಿತ್ತು. ನೀರಿನ ಮಟ್ಟಕ್ಕೆ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೆಲಸಕ್ಕೆ ಇಳಿದೆವು. ಜಾಲರಿ ಬಿಡಿಸಿ ತೊಳೆದು ಮತ್ತೆ ಚಾಲೂ ಮಾಡುವಷ್ಟರಲ್ಲಿ ನೀರು ಆ ಗೆರೆಯಿಂದ ಒಂದು ಗೇಣು ಮೇಲೆ ಬಂದಿತ್ತು. ಆಮೇಲೆ ಪ್ರತಿ ಸುತ್ತಿನಲ್ಲೂ ನಾನು ಪೈಪ್ ಮುಟ್ಟಿ ನೋಡದೆ ಮುಂದೆ ಹೋಗಿಲ್ಲ.

ಆದರೆ ಇದು ಕಣ್ಣೆದುರಿಗಿರುವ ನೀರು. ಜೀವ ತೆಗೆಯುವುದು ಹಳೆಯ, ಬಿಟ್ಟುಹೋದ ಸುರಂಗಗಳಲ್ಲಿ ತುಂಬಿಕೊಂಡು ನಿಂತ ನೀರು. 1975ರ ಡಿಸೆಂಬರ್ 27ರಂದು ಧನ್‌ಬಾದ್ ಹತ್ತಿರದ ಚಾಸ್ನಾಲಾದಲ್ಲಿ ಅಂಥ ನೀರು ನುಗ್ಗಿ 375 ಜನ ಸತ್ತರು. 2003ರ ಜೂನ್‌ನಲ್ಲಿ ಗೋದಾವರಿಖನಿಯಲ್ಲಿ 17 ಮಂದಿ ಹೋದರು. ಇವತ್ತಿಗೂ ಗೋದಾವರಿ ತೀರದ ಕಾರ್ಮಿಕರ ಮನೆಗಳಲ್ಲಿ ಆ ಮಾತು ಬಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಹಳೆಯ ಗಣಿಗೆ 60 ಮೀಟರ್ ಹತ್ತಿರ ಬಂದ ಮೇಲೆ ಅನುಮತಿ ಇಲ್ಲದೆ ಮುಂದೆ ಹೋಗುವಂತಿಲ್ಲ. ಹೋಗುವಾಗಲೂ ಮುಂದೆ ನೀರಿದೆಯಾ ಅಂತ ತಿಳಿಯಲು ನಡುವೆ ಒಂದು, ಎರಡೂ ಪಕ್ಕಕ್ಕೆ ಕೆಲವು ರಂಧ್ರ ಕೊರೆದುಕೊಂಡೇ ಹೋಗಬೇಕು, ಅವು ಯಾವಾಗಲೂ ಕನಿಷ್ಠ 3 ಮೀಟರ್ ಮುಂದಿರಬೇಕು. ಇದೆಲ್ಲ ನಕ್ಷೆ ಸರಿಯಿದ್ದರೆ ತಾನೇ? ಹಳೆಯ ನಕ್ಷೆ ತಪ್ಪಿದ್ದರೆ 60 ಮೀಟರ್ ಅನ್ನುವ ಲೆಕ್ಕವೇ ತಪ್ಪು. ಹಾಗಾಗಿ ನನ್ನ ಪ್ರಕಾರ ನೀರಿನ ವಿಷಯದಲ್ಲಿ ಪಂಪಿಗಿಂತ ಸರ್ವೇಯರ್ ಮುಖ್ಯ.

ಇನ್ನು ಬಳಕೆ. ಡ್ರಿಲ್ಲಿಂಗ್‌ಗೆ ನೀರು ಬೇಕು, ದೂಳು ಏಳದಂತೆ ಚಿಮುಕಿಸಲು ಬೇಕು. ಗೋಫ್‌ಗೆ ಮರಳು ತುಂಬುವ ಗಣಿಗಳಲ್ಲಿ ಮರಳನ್ನು ನೀರಿನ ಜೊತೆ ಪೈಪಿನಲ್ಲಿ ಕಳಿಸುತ್ತಾರೆ, ಅದಕ್ಕಂತೂ ತುಂಬಾ ಜಾಸ್ತಿ. ಮರಳು ಅಲ್ಲೇ ಕೂರುತ್ತದೆ, ನೀರು ಸೋಸಿಕೊಂಡು ಸಂಪ್‌ಗೆ ವಾಪಸ್ ಬರುತ್ತದೆ. ಈ ಕೆಲಸಗಳಿಗೆ ಗಣಿಯ ನೀರೇ ಸಾಕು, ಹೊಸದಾಗಿ ಬೋರ್‌ವೆಲ್ ಕೊರೆಯಬೇಕಿಲ್ಲ.

ಉಳಿದ ನೀರನ್ನು ಹೊರಗೆ ಬಿಡುವ ಮೊದಲು ತೊಟ್ಟಿಗಳಲ್ಲಿ ನಿಲ್ಲಿಸಿ ಕೆಸರು ತಳಕ್ಕೆ ಕೂರಿಸಬೇಕು. ಹಳ್ಳಕ್ಕೆ ಬಿಡುವ ನೀರಿನಲ್ಲಿ ತೇಲುವ ಕಣ ಲೀಟರಿಗೆ 100 ಮಿಲಿಗ್ರಾಂ ದಾಟಬಾರದು, ನೀರು ಎಷ್ಟು ಹುಳಿ ಅಂತ ಹೇಳುವ ಪಿಎಚ್ ಅಳತೆ 5.5ರಿಂದ 9ರ ಒಳಗಿರಬೇಕು. ಗೋದಾವರಿ ಕಣಿವೆಯ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಹಾಗಾಗಿ ನೀರು ಸಾಮಾನ್ಯವಾಗಿ ಹುಳಿಯಾಗುವುದಿಲ್ಲ. ಮೇಘಾಲಯದ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ, ಅಲ್ಲಿ ಗಣಿಯ ಆಮ್ಲ ಸೇರಿ ಹೊಳೆಗಳಲ್ಲಿ ಮೀನೇ ಇಲ್ಲದಂತಾಗಿದೆ. ನಮ್ಮ ಕಡೆಯ ತೊಂದರೆ ಗಡಸು ನೀರು. ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತದೆ. ಕುಡಿಯಲು ಶುದ್ಧ ಮಾಡಲೇಬೇಕು. ಕೆರೆ ತುಂಬಿಸಲು, ಭತ್ತಕ್ಕೆ ಬಿಡಲು ಪರೀಕ್ಷೆ ಮಾಡಿಸಿ ಕೊಡಬಹುದು, ಬೇಸಿಗೆಯಲ್ಲಿ ರೈತರು ಅದಕ್ಕೆ ಕಾಯುತ್ತಾರೆ.

ಎಲ್ಲರೂ ಮರೆಯುವ ಜಾಗ ಮೇಲಿನ ಕಲ್ಲಿದ್ದಲು ರಾಶಿ. ಮೊದಲ ಮಳೆಗೆ ಅಲ್ಲಿಂದ ಕಪ್ಪು ನೀರು ಹರಿದು ನೇರ ಹೊಲಕ್ಕೆ ಹೋಗುತ್ತದೆ. ಗಣಿಯ ನೀರಿಗೆ ಮೂರು ತೊಟ್ಟಿ ಕಟ್ಟಿ, ರಾಶಿಯ ಸುತ್ತ ಒಂದು ಚರಂಡಿ ಇಲ್ಲದಿದ್ದರೆ ಏನು ಬಂತು?

ಪ್ರಾಜೆಕ್ಟಿಗಾಗಿ ಗಣಿಗೆ ಹೋಗುತ್ತೇನೆ ಅಂತಲೂ ಬರೆದಿದ್ದೀರಿ. ಹೋದಾಗ ಮೂರು ಕೇಳಿ: ಕಳೆದ ಜುಲೈ, ಆಗಸ್ಟ್‌ನ ಪಂಪಿಂಗ್ ರಿಜಿಸ್ಟರ್, ಹಳೆಯ ಗಣಿಗಳಲ್ಲಿ ನೀರು ನಿಂತ ಜಾಗ ತೋರಿಸುವ ನಕ್ಷೆ, ತೊಟ್ಟಿಯ ಕೆಸರನ್ನು ಕೊನೆಯ ಬಾರಿ ತೆಗೆದ ತಾರೀಖು. ಆಮೇಲೆ ತೊಟ್ಟಿಯ ಹತ್ತಿರ ಹೋಗಿ ಒಂದು ಉದ್ದ ಕೋಲು ಇಳಿಸಿ ಕೆಸರು ಎಷ್ಟಿದೆ ಅಂತ ನೀವೇ ನೋಡಿ.