ಲಿಮೋ ಓಡಿಸಲು ಹೊರಟವರಿಗೆ: ಸೂಟು ಆಮೇಲೆ, ಮೊದಲು ಹಿಂದಿನ ಚಕ್ರ ನೋಡಿ

ಹೊಸದಾಗಿ ಲಿಮೋ ಚಾಲಕರಾಗಲು ಹೊರಟವರು ಕೇಳುವುದು ಬಟ್ಟೆ, ಕೈಗವಸು, ಟಿಪ್ಸ್ ಬಗ್ಗೆಯೇ. ಗಾಡಿಯ ಬಗ್ಗೆ ಕೇಳಿದವರು ಈ ಸಲ ಒಬ್ಬರೇ. ಅವರಿಗೇ ಹೆಚ್ಚು ಜಾಗ.

ಪ್ರಶ್ನೆ: ಎಂಟು ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ, ಗಾಡಿಗೆ ಒಂದು ಗೀರೂ ಬಿದ್ದಿಲ್ಲ. ಮುಂದಿನ ವಾರದಿಂದ ಸ್ಟ್ರೆಚ್ ಲಿಮೋಸಿನ್ (ನಡುಭಾಗ ಉದ್ದ ಮಾಡಿದ ಐಷಾರಾಮಿ ಕಾರು) ಕೊಡುತ್ತಾರೆ. ಉದ್ದ ಒಂದು ಬಿಟ್ಟರೆ ಅದೂ ಕಾರೇ ಅಲ್ಲವೇ? ಏನು ತಯಾರಿ ಬೇಕು?

"ಉದ್ದ ಒಂದು ಬಿಟ್ಟರೆ" ಅನ್ನುವುದನ್ನು ಮೊದಲು ಬಿಡಿ. ಎಡವಟ್ಟಾಗುವುದೆಲ್ಲ ಆ ಉದ್ದದಿಂದಲೇ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3 ಮೀಟರ್ ಇರುವ ಕಾರು 12 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ, ಹಿಂದಿನ ಚಕ್ರ ಸುಮಾರು 40 ಸೆಂ.ಮೀ. ಒಳಕ್ಕೆ ಸರಿದು ಓಡುತ್ತದೆ. ಅದೇ ಕಾರನ್ನು ನಡುವೆ ಕತ್ತರಿಸಿ 120 ಇಂಚು ಸೇರಿಸಿದರೆ ಚಕ್ರಗಳ ಅಂತರ 6 ಮೀಟರ್. ಹಿಂದಿನ ಚಕ್ರ ಒಳಕ್ಕೆ ಸರಿಯುವುದು 1.6 ಮೀಟರ್. ಅಂತರ ಎರಡು ಪಟ್ಟು, ಸರಿಯುವುದು ನಾಲ್ಕು ಪಟ್ಟು. ಟ್ಯಾಕ್ಸಿಯಲ್ಲಿ ಕೂತ ಅಂದಾಜು ಇಲ್ಲಿ ಫುಟ್‌ಪಾತ್ ಹತ್ತಿಸುತ್ತದೆ, ಅಲ್ಲಿ ನಿಂತವರ ಕಾಲಿನ ಮೇಲೂ ಹೋಗುತ್ತದೆ.

ಖಾಲಿ ಮೈದಾನಕ್ಕೆ ಹೋಗಿ. ತಿರುವು ಶುರುವಾಗುವ ಕಡೆ ನೆಲಕ್ಕೆ ಒಂದು ಬಕೆಟ್ ನೀರು ಸುರಿದು, ಅದರ ಮೇಲೆ ನಿಧಾನವಾಗಿ ಗಾಡಿ ತಿರುಗಿಸಿ, ಇಳಿದು ನೋಡಿ. ಮುಂದಿನ ಚಕ್ರದ ಒದ್ದೆ ಗೆರೆ ಒಂದು ಕಡೆ, ಹಿಂದಿನದು ಅದಕ್ಕಿಂತ ಎಷ್ಟೋ ಒಳಗೆ. ಆ ಎರಡು ಗೆರೆಗಳ ನಡುವಿನ ಜಾಗ ಕಣ್ಣಲ್ಲಿ ಕೂರುವವರೆಗೆ ರಸ್ತೆಗೆ ಇಳಿಯಬೇಡಿ. ಆಮೇಲೆ ಕೋನ್ ಇಟ್ಟು, ನಿಮ್ಮ ಸೀಟು ಮೂಲೆಯನ್ನು ದಾಟಿದ ಮೇಲೂ ನೇರವಾಗಿ ಮುಂದೆ ಹೋಗಿ, ತಡವಾಗಿ ಸ್ಟೀರಿಂಗ್ ತಿರುಗಿಸುವುದನ್ನು ಕಲಿಯಿರಿ. ತಿರುವಿಗೆ ಮೊದಲೇ ಹೊರಗಡೆಗೆ ಅಗಲವಾಗಿ ಎಳೆದುಕೊಳ್ಳುವ ಚಾಳಿ ಬೇಡ. ಒಳಗೆ ಬಿಟ್ಟ ಜಾಗಕ್ಕೆ ಬೈಕಿನವರು ನುಗ್ಗುತ್ತಾರೆ. ತಿರುವು ಮುಗಿಯುವವರೆಗೆ ಒಳಬದಿಯ ಕನ್ನಡಿಯಲ್ಲಿ ಹಿಂದಿನ ಚಕ್ರ ಕಾಣುತ್ತಲೇ ಇರಬೇಕು.

ಎರಡನೆಯದು ಗಾಡಿಯ ಹೊಟ್ಟೆ, ಅಂದರೆ ಚಕ್ರಗಳ ನಡುವಿನ ತಳ. ಚಕ್ರಗಳ ಅಂತರ ಇಮ್ಮಡಿಯಾದಾಗ ಗಾಡಿ ತಳ ತಾಗಿಸದೆ ದಾಟಬಲ್ಲ ಉಬ್ಬಿನ ಕೋನ ಅರ್ಧಕ್ಕೆ ಇಳಿಯುತ್ತದೆ. ನೆಲಮಾಳಿಗೆ ಪಾರ್ಕಿಂಗಿನ ರ್‍ಯಾಂಪ್ ತುದಿ, ರೈಲ್ವೆ ಗೇಟ್, ಎತ್ತರದ ಹಂಪ್ಸ್, ಇವೇ ಶತ್ರುಗಳು. ಜನ ತುಂಬಿದಾಗ ಹೊಟ್ಟೆ ಇನ್ನೂ ಕೆಳಗೆ. ಖಾಲಿ ಗಾಡಿ ದಾಟಿತೆಂದು ತುಂಬಿದ ಗಾಡಿಯನ್ನು ನುಗ್ಗಿಸಬೇಡಿ. ಹಿಂದಿನ ದಿನವೇ ಸಾಮಾನ್ಯ ಕಾರಿನಲ್ಲಿ ಹೋಗಿ ದಾರಿ, ನಿಲ್ಲಿಸುವ ಜಾಗ, ವಾಪಸ್ ತಿರುಗಿಸುವ ಜಾಗ ಮೂರನ್ನೂ ನೋಡಿ ಬನ್ನಿ. ಮ್ಯಾಪ್‌ಗೆ ನಿಮ್ಮ ಗಾಡಿಯ ಉದ್ದ ಗೊತ್ತಿಲ್ಲ.

ಮೂರನೆಯದು ಬ್ರೇಕ್, ಎಲ್ಲಕ್ಕಿಂತ ಮುಖ್ಯ. ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಕಾಲಿನಡಿ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಅಥವಾ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಬಗ್ಗಿ ನಾಲ್ಕೂ ಚಕ್ರಗಳ ಒಳಮುಖ ನೋಡಿ, ತೇವ ಇರಬಾರದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಬಿಸಿಯಾದಾಗ ಕುದಿಯುತ್ತದೆ, ಪೆಡಲ್ ಸ್ಪಂಜಿನಂತಾಗುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಿದ್ದಾರೆಯೇ ಎಂದು ದಾಖಲೆ ಕೇಳಿ, ಬಾಯಿಮಾತು ಸಾಲದು. ಘಾಟಿ ಇಳಿಯುವಾಗ ಕಡಿಮೆ ಗೇರಿಗೆ ಬರಬೇಕಾದದ್ದು ಮೇಲಿನ ತುದಿಯಲ್ಲಿ, ವೇಗ ಏರಿದ ಮೇಲಲ್ಲ. ನಿರ್ದಿಷ್ಟ ವೇಗದಲ್ಲಿ ಗಾಡಿ ಅದುರಲು ಶುರುವಾದರೆ ಟೈರ್ ಬ್ಯಾಲೆನ್ಸ್ ಜೊತೆಗೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಮತ್ತು ಅದನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗನ್ನೂ ಮೆಕ್ಯಾನಿಕ್‌ಗೆ ತೋರಿಸಿ.

ಗಾಡಿ ಸರಿಯಿಲ್ಲ ಎನ್ನಿಸಿದರೆ ತೆಗೆಯಬೇಡಿ. ಮಾಲೀಕರು ರೇಗಲಿ, ಬುಕಿಂಗ್ ಹೋಗಲಿ. 2018ರ ಅಕ್ಟೋಬರ್ 6ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಕೋಹಾರಿಯಲ್ಲಿ ಇಳಿಜಾರಿನಲ್ಲಿ ಬ್ರೇಕ್ ಸೋತ ಸ್ಟ್ರೆಚ್ ಲಿಮೋ 20 ಜನರ ಜೀವ ತೆಗೆಯಿತು: ಒಳಗಿದ್ದ 17 ಪ್ರಯಾಣಿಕರು, ಚಾಲಕ, ದಾರಿಯಲ್ಲಿದ್ದ ಇಬ್ಬರು ಪಾದಚಾರಿಗಳು. ತಿಂಗಳ ಹಿಂದಷ್ಟೇ ತಪಾಸಣೆಯಲ್ಲಿ ಆ ಗಾಡಿ ರಸ್ತೆಗೆ ಇಳಿಯುವಂತಿಲ್ಲ ಎಂದಾಗಿತ್ತು. ಚಾಲಕನ ಬಳಿ ಅಂಥ ಗಾಡಿಗೆ ಬೇಕಾದ ಲೈಸೆನ್ಸೂ ಇರಲಿಲ್ಲ. ನಿಮ್ಮ ಲೈಸೆನ್ಸ್ ಈ ಗಾಡಿಗೆ ಸಲ್ಲುತ್ತದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಇನ್ನು ಒಳಗೆ ಕೂತವರು. ಲಿಮೋದಲ್ಲಿ ಪಕ್ಕಕ್ಕೆ ಮುಖ ಮಾಡಿದ ಉದ್ದ ಸೀಟು ಇರುತ್ತದೆ. ನೀವು ಬ್ರೇಕ್ ಹಾಕಿದರೆ ಸಾಲಾಗಿ ಒಬ್ಬರ ಮೇಲೊಬ್ಬರು ಜಾರುತ್ತಾರೆ. ಎಲ್ಲರೂ ಬೆಲ್ಟ್ ಹಾಕುವವರೆಗೆ ಗಾಡಿ ಕದಲಿಸಬೇಡಿ. ನಿಲ್ಲಿಸುವಾಗ ಕೊನೆಯ ಒಂದು ಮೀಟರಿನಲ್ಲಿ ಪೆಡಲನ್ನು ತುಸು ಸಡಿಲಿಸಿ, ಆಗ ಆ ಕೊನೆಯ ಜರ್ಕ್ ಬರುವುದಿಲ್ಲ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದಂತೆ?

ಉಳಿಯುವುದಿಲ್ಲ. ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ; ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಸುಡುತ್ತವೆ. ಎಂಜಿನ್ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಇದನ್ನು ಹೇಳಿಕೊಡುವ ಮೈಲೇಜ್ ಪಂಡಿತರ ಹತ್ತಿರ ಬೇರೇನನ್ನೂ ಕಲಿಯಬೇಡಿ.

ಪ್ರಶ್ನೆ: ರಾತ್ರಿ ಡ್ಯೂಟಿಗೆ ನಿದ್ದೆ ಬಾರದಂತೆ ಯಾವ ಮಾತ್ರೆ ಒಳ್ಳೆಯದು?

ಯಾವುದೂ ಅಲ್ಲ. ಮಾರುವವರನ್ನು ಹತ್ತಿರ ಸೇರಿಸಬೇಡಿ. 17 ಗಂಟೆ ಎಚ್ಚರವಿದ್ದವರ ಕೈಚಳಕ, ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. ಮುಖಕ್ಕೆ ನೀರು, ಕಿಟಕಿಯ ಗಾಳಿ ಕೆಲವೇ ನಿಮಿಷ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 20 ನಿಮಿಷ ಮಲಗಿ. ಆಮೇಲೂ ಕಣ್ಣು ಎಳೆದರೆ ಬದಲಿ ಚಾಲಕರನ್ನು ಕರೆಸಿ.

ಪ್ರಶ್ನೆ: ಸ್ವಂತ ಕಾರಿನ ಇನ್ಶೂರೆನ್ಸ್ ಇದೆ, ಬಾಡಿಗೆಗೂ ಸಾಕಲ್ಲವೇ?

ಸಾಲದು. ಬಾಡಿಗೆ ಓಡಿಸುವಾಗಿನ ಅಪಘಾತಕ್ಕೆ ಖಾಸಗಿ ಪಾಲಿಸಿ ಸಾಮಾನ್ಯವಾಗಿ ಕೈ ಎತ್ತುತ್ತದೆ.

ಪ್ರಶ್ನೆ: ಯಾವ ಬಣ್ಣದ ಸೂಟು? ಯಾವ ಸೆಂಟು?

ಇಸ್ತ್ರಿ ಮಾಡಿದ ಗಾಢ ಬಣ್ಣದ್ದು ಯಾವುದಾದರೂ ಸರಿ. ಶೂ ಅಟ್ಟೆ ಮಾತ್ರ ರಬ್ಬರಿನದಿರಲಿ, ಒದ್ದೆ ಚರ್ಮದ ಅಟ್ಟೆ ಪೆಡಲ್ ಮೇಲೆ ಜಾರುತ್ತದೆ. ಸೆಂಟು ಬೇಡ, ಮುಚ್ಚಿದ ಗಾಡಿಯಲ್ಲಿ ಕೂತವರಿಗೆ ವಾಕರಿಕೆ ಬರುತ್ತದೆ.